ಬಚ್ಚಲಮನೆ ಚಿಲಕದ ಸ್ಪ್ಯಾನರ್

ನಮ್ಮ ಬಚ್ಚಲಮನೆಗೆ ಚಿಲಕವಿಲ್ಲ. ಬಂದ ನೆಂಟರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ: ಒಳಗೆ ಹೋದವರು ಹಾಡುತ್ತಿರಬೇಕು. ಹಾಡು ನಿಂತರೆ ಒಳಗೆ ಯಾರೂ ಇಲ್ಲವೆಂದು ಲೆಕ್ಕ. ಹಾಡಲು ಬಾರದವರು ಮಗ್ಗಿ ಹೇಳಬಹುದು. ಹದಿಮೂರರ ಮಗ್ಗಿ ಬಾರದೆ ನಡುವೆ ನಿಲ್ಲಿಸಿದ ಒಬ್ಬರಿಗೆ ತುಂಬ ಮುಜುಗರವಾಗಿ, ಅವರು ಮತ್ತೆ ಈ ಕಡೆ ಬಂದಿಲ್ಲ. ಚಿಲಕ ಏನಾಯಿತು ಎಂದು ಕೇಳುವವರಿಗೆಲ್ಲ ಮೊದಲಿನಿಂದ ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಕುಕ್ಕರ್ ಕೂಗುವಷ್ಟರಲ್ಲಿ ಆದಷ್ಟನ್ನು ಬರೆದಿಡುತ್ತೇನೆ.

ಚಿಲಕ ತೆಗೆದವನು ನನ್ನ ಮಗ. ಇನ್ನೆರಡು ವರ್ಷಕ್ಕೆ ನಲವತ್ತಾಗುತ್ತದೆ. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸುತ್ತಾನೆ. ಬೀದಿಯಲ್ಲಿ ಅವನನ್ನು ಎಲ್ಲರೂ ‘ಕನ್ನಡಕ’ ಎಂದೇ ಕರೆಯುವುದು. ಆದರೆ ಅವನ ಕಣ್ಣು ಚೆನ್ನಾಗಿದೆ, ಕನ್ನಡಕ ಹಾಕುವುದಿಲ್ಲ. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಇಟ್ಟು "ಈಗ ಹೇಗಿದೆ?" ಎಂದು ಕೇಳಿ ಕೇಳಿ ಅದೇ ಅಭ್ಯಾಸವಾಗಿ, ಮನೆಯಲ್ಲಿ ನನಗೆ ದಿಂಬು ಕೊಟ್ಟರೂ "ಈಗ ಹೇಗಿದೆ?" ಎನ್ನುತ್ತಾನೆ. ಒಳ್ಳೆಯವನು. ಆದರೆ ಒಂದು ವಿಷಯ ತನಗೆ ಗೊತ್ತಿಲ್ಲ ಎಂಬುದು ಅವನಿಗೆ ಎಲ್ಲರಿಗಿಂತ ಕೊನೆಯಲ್ಲಿ ಗೊತ್ತಾಗುತ್ತದೆ.

ವ್ಯಾನ್ ತಂದದ್ದು ನನಗಾಗಿ. ಹಾಗೆಂದು ಅವನು ಬಾಯಿಬಿಟ್ಟು ಹೇಳಿಲ್ಲ. ನನ್ನ ಮೊಣಕಾಲುಗಳು ಬಸ್ಸಿನ ಮೊದಲನೇ ಮೆಟ್ಟಿಲಿಗೇ ಕೈಮುಗಿದು ನಾಲ್ಕು ವರ್ಷವಾಯಿತು. ಎರಡು ಗಂಟೆ ದಾರಿಯ ಊರಲ್ಲಿರುವ ನನ್ನ ಅಕ್ಕ ಸೊಂಟ ಮುರಿದುಕೊಂಡು ಮನೆ ಬಿಟ್ಟು ಬರಲಾರಳು. ಅವಳು ಬರುವ ಹಾಗಿಲ್ಲ, ನಾನು ಹೋಗುವ ಹಾಗಿಲ್ಲ. ಇಬ್ಬರೂ ದಿನಾ ಫೋನಿನಲ್ಲಿ ಜಗಳವಾಡಿ ತೃಪ್ತಿಪಡುತ್ತಿದ್ದೆವು. ಹೀಗಿರುವಾಗ ಅಕ್ಕನ ಮಗಳು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಎರಡು ದಿನದ ರೈಲು ಪ್ರಯಾಣದಷ್ಟು ದೂರ. ಹೊರಡುವುದು ಸೋಮವಾರ.

"ಹೋಗ್ಲಿ ಬಿಡೇ, ಇನ್ನು ಮುಖ ನೋಡೋದೆಲ್ಲ ಫೋನಿನಲ್ಲೇ," ಎಂದಳು ಅಕ್ಕ. ಅವಳು ಜಗಳವಾಡದೆ ಮಾತಾಡಿದ್ದು ಅದೇ ಮೊದಲು.

ಮಗ ಪಕ್ಕದಲ್ಲೇ ಕೂತು ಉಗುರು ಕತ್ತರಿಸುತ್ತಿದ್ದ. ಮೂರನೇ ದಿನ ಬಾಗಿಲ ಮುಂದೆ ಹಳೆಯ ವ್ಯಾನ್ ನಿಂತಿತ್ತು. ಹಿಂದೆ ಬ್ರೆಡ್ ಹಂಚುತ್ತಿದ್ದ ವ್ಯಾನ್. ಪಕ್ಕದಲ್ಲಿ ನಗುತ್ತಿರುವ ಬ್ರೆಡ್ಡಿನ ಚಿತ್ರ, ಒಳಗೆ ಇನ್ನೂ ಬೇಕರಿಯ ವಾಸನೆ.

"ಇದರ ನೆಲ ತಗ್ಗು ನೋಡಮ್ಮ. ಭಾನುವಾರ ದೊಡ್ಡಮ್ಮನ ಹತ್ರ ಹೋಗೋಣ," ಎಂದ.

ಅಕ್ಕನಿಗೆ ಹೇಳಿದೆ. "ಅವನಿಗೆ ಹೆಣ್ಣು ನೋಡೇ ಅಂದ್ರೆ ಗುಜರಿ ನೋಡಿದ್ಯಾ?" ಎಂದಳು. ಜಗಳ ಮತ್ತೆ ಶುರುವಾದದ್ದು ಕೇಳಿ ನನಗೆ ಹಿತವಾಯಿತು.

ಅಕ್ಕ ಹೊರಡುವುದಕ್ಕೆ ಸರಿಯಾಗಿ ಒಂದು ವಾರ ಮೊದಲು, ಸೋಮವಾರ ಬೆಳಿಗ್ಗೆ ವ್ಯಾನಿನ ಕೆಳಗೆ ನೀರು ನಿಂತಿತ್ತು. ಗ್ಯಾರೇಜಿನ ಮೆಕ್ಯಾನಿಕ್ ಬಂದ. ಇವರಿಬ್ಬರ ನಡುವೆ ಒಂದು ಹಳೆಯ ಬಾಕಿ ಇತ್ತು. ಆರು ತಿಂಗಳ ಹಿಂದೆ ಮೆಕ್ಯಾನಿಕ್ ತನ್ನ ಕನ್ನಡಕದ ಮುರಿದ ಕಡ್ಡಿಗೆ ಗ್ಯಾರೇಜಿನ ಅಂಟು ಮೆತ್ತಿ ಅಂಗಡಿಗೆ ತಂದಾಗ, ನನ್ನ ಮಗ ಗಿರಾಕಿಗಳೆಲ್ಲರ ಎದುರು, "ಇದು ಟ್ರ್ಯಾಕ್ಟರ್ ಅಲ್ಲ ಸ್ವಾಮಿ, ಕನ್ನಡಕ. ಇದಕ್ಕೆ ಬೇರೆ ಕೈ ಬೇಕು, ಬೇರೆ ಸಾಧನ ಬೇಕು," ಎಂದಿದ್ದ. ಅಂಗಡಿಯೆಲ್ಲ ನಕ್ಕಿತ್ತು. ಅದು ಮೆಕ್ಯಾನಿಕ್ಕಿಗೆ ಅಕ್ಷರ ಅಕ್ಷರ ನೆನಪಿತ್ತು.

ಅವನು ವ್ಯಾನಿನ ಮೂತಿ ತೆರೆದು, ಬಗ್ಗಿ ನೋಡಿ, ನಿಧಾನವಾಗಿ ಕೈ ಒರೆಸಿಕೊಂಡ.

"ವಾಟರ್ ಪಂಪ್ ಹೋಗಿದೆ. ಪಂಪ್ ತೆಗೆಯೋಕೆ ಮೊದಲು ಎಂಜಿನ್ ಫ್ಯಾನ್ ತೆಗೀಬೇಕು. ಫ್ಯಾನ್ ಹಿಂದೆ ಒಂದೇ ಒಂದು ದೊಡ್ಡ ನಟ್ಟು. ಆದ್ರೆ ಜಾಗ ಇಲ್ಲ. ತೆಳ್ಳಗಿರೋ ಸ್ಪ್ಯಾನರ್ ಬೇಕು. ನಂದು ಇನ್ನೊಂದು ಗ್ಯಾರೇಜಿಗೆ ಹೋಗಿದೆ, ಬರೋಕೆ ಹತ್ತು ದಿನ."

"ಹತ್ತು ದಿನಾನಾ! ಬೇರೆ ಸ್ಪ್ಯಾನರಲ್ಲಿ ಆಗಲ್ವಾ?"

ಮೆಕ್ಯಾನಿಕ್ ಆರು ತಿಂಗಳಿಂದ ಕಾದ ಗಳಿಗೆ ಅದು. "ಇದು ಕನ್ನಡಕ ಅಲ್ಲ ಸ್ವಾಮಿ, ವ್ಯಾನು. ಇದಕ್ಕೆ ಬೇರೆ ಕೈ ಬೇಕು, ಬೇರೆ ಸಾಧನ ಬೇಕು."

ನನ್ನ ಮಗನ ಕಿವಿ ಕೆಂಪಾಯಿತು. "ಸಾಧನ ತಾನೆ? ಮನೇಲೇ ಮಾಡ್ಕೋತೀನಿ. ಸ್ಕ್ರೂ ಅಂದ್ರೆ ಸ್ಕ್ರೂ. ಸಣ್ಣದಾದ್ರೇನು, ದೊಡ್ಡದಾದ್ರೇನು?"

"ಮಾಡ್ಕೊಳಿ. ಏನಾದ್ರೂ ಕೇಳೋದಿದ್ರೆ ಬಂದು ಕೇಳಿ," ಎಂದು ಮೆಕ್ಯಾನಿಕ್ ಹೊರಟ.

"ಕೇಳೋ ಅಂಥದ್ದು ಏನೂ ಇಲ್ಲ," ಎಂದ ನನ್ನ ಮಗ. ಅದೊಂದು ಮಾತು ಆಡದಿದ್ದರೆ ನಮ್ಮ ಚಿಲಕ ಇಂದಿಗೂ ಬಾಗಿಲಲ್ಲೇ ಇರುತ್ತಿತ್ತು.

ಅಂಗಡಿಗೆ ವಾರ ರಜೆ ಹಾಕಿದ. ಮಂಗಳವಾರ ಹೊಸ ಪಂಪ್ ತಂದು, ಅದಕ್ಕೆ ತಂಡಿಯಾಗದಿರಲೆಂದೋ ಏನೋ, ನನ್ನ ಶಾಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. ಆಮೇಲೆ ರಟ್ಟಿನ ತುಂಡನ್ನು ನಟ್ಟಿಗೆ ಒತ್ತಿ, ಗುರುತು ಮಾಡಿಕೊಂಡು, ಸಾಧನ ಮಾಡುವ ಕೆಲಸಕ್ಕೆ ಕೂತ. ಆ ವಾರ ನಮ್ಮ ಮನೆಯಲ್ಲಿ ಕಬ್ಬಿಣ ಎನ್ನುವ ಯಾವ ವಸ್ತುವಿಗೂ ಭದ್ರತೆ ಇರಲಿಲ್ಲ.

ಮೊದಲ ಸ್ಪ್ಯಾನರನ್ನು ಕಸ ಎತ್ತುವ ತಗಡಿನ ಮೊರದಿಂದ ಮಾಡಿದ. ನಟ್ಟಿಗೆ ಹಾಕಿ ಎಳೆದ ಕೂಡಲೇ ಅದು ಬಾಳೆಲೆಯ ಹಾಗೆ ಮಡಚಿಕೊಂಡಿತು. ಎರಡನೆಯದು ನನ್ನ ಮಂಚದ ಅಡ್ಡಪಟ್ಟಿ. ಅದು ಗಟ್ಟಿ, ಆದರೆ ಬಾಯಿ ಅಗಲವಾಗಿ ನಟ್ಟಿನ ಮೇಲೆ ಗಿರಗಿರನೆ ಸುತ್ತಿತು. ಅಂದಿನಿಂದ ನಾನು ಕಾಲು ಮೇಲೆ, ತಲೆ ಕೆಳಗೆ ಮಾಡಿ ಮಲಗುತ್ತಿದ್ದೆ. ಬೆಳಿಗ್ಗೆ ಎದ್ದರೆ ಇಡೀ ಮೈ ದಿಂಬಿನ ಕಡೆ ಜಾರಿರುತ್ತಿತ್ತು.

ನಟ್ಟನ್ನು ತಿರುಗಿಸಲು ಹೋದರೆ ಫ್ಯಾನು, ಅದರ ಹಿಂದಿನ ಬೆಲ್ಟಿನ ಗಾಲಿ ಎಲ್ಲವೂ ಜೊತೆಗೇ ತಿರುಗುತ್ತವೆ ಎಂಬುದು ಬುಧವಾರ ಪತ್ತೆಯಾಯಿತು. ಹಾಗಾಗಿ ಗಾಲಿ ಹಿಡಿಯಲು ಇನ್ನೊಂದು ಸಾಧನ ಬೇಕಾಯಿತು. ಪಾತ್ರೆ ಸ್ಟ್ಯಾಂಡಿನ ಒಂದು ಕಾಲು ಹೋಯಿತು. ಅದಕ್ಕೆ ಎರಡು ತೂತು ಕೊರೆದು, ಗಾಲಿಯ ಬೋಲ್ಟಿಗೆ ಸಿಕ್ಕಿಸಿ, ನನ್ನ ಬಟ್ಟೆ ಒಣಗಿಸುವ ಹಗ್ಗದಿಂದ ಬಂಪರಿಗೆ ಕಟ್ಟಿದ.

"ನಾನು ಹಿಡ್ಕೋತೀನಿ ಬಿಡೋ," ಎಂದೆ.

"ನಿನ್ನ ಮಂಡಿ ಇಟ್ಕೊಂಡು ನೀನು ಹತ್ರ ಬರ್ಬೇಡ. ಜಗಲಿ ಮೇಲೆ ಕೂತ್ಕೊ," ಎಂದ. ಹಾಗಾಗಿ ವಾರವೆಲ್ಲ ನನಗೆ ಕಂಡದ್ದು ಅವನ ಬೆನ್ನು, ಎರಡು ಹಿಮ್ಮಡಿ, ಆಗಾಗ ಮೇಲೇಳುವ ಒಂದು ಮೊಣಕೈ. ಎಂಜಿನ್ ಫ್ಯಾನ್ ಎಂದರೆ ಅದೊಂದು ಡಬ್ಬಿ ಇರಬೇಕು ಎಂದುಕೊಂಡಿದ್ದೆ.

ಗುರುವಾರ ಚಿಲಕದ ಸರದಿ. ನಮ್ಮದು ಹಳೆಯ ಕಾಲದ ಚಿಲಕ. ನಾಲ್ಕು ಬೆರಳಗಲದ, ಮೊಳದುದ್ದದ, ತೆಳ್ಳಗಿದ್ದರೂ ಗಟ್ಟಿಯಾದ ಪಟ್ಟಿ. ಮಧ್ಯಾಹ್ನದವರೆಗೆ ಅರದಿಂದ ಉಜ್ಜಿ ಉಜ್ಜಿ ಅದಕ್ಕೊಂದು ಬಾಯಿ ಮಾಡಿದ. ಕನ್ನಡಕದವನ ಕೈ ನೋಡಿ, ಅಂಚು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊನೆಗೆ ಅದರ ಮೇಲೆ ಎಡಕ್ಕೆ ತೋರಿಸುವ ಒಂದು ಚೆಂದದ ಬಾಣವನ್ನೂ ಕೆತ್ತಿದ.

"ಅದೇನೋ?"

"ಬಿಚ್ಚೋ ಕಡೆ ಗುರುತು. ಎಡಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ. ಮುಂಚೆ ಮಾಡಿದ್ದಕ್ಕೂ ಹಾಕಿದೀನಿ. ಇಪ್ಪತ್ತು ವರ್ಷದಲ್ಲಿ ಎಷ್ಟು ಸಾವಿರ ಸ್ಕ್ರೂ ಬಿಚ್ಚಿದೀನಿ, ಒಂದೂ ಬೇರೆ ಕಡೆ ತಿರುಗಿಲ್ಲ."

ಬಾಯಿಯ ಅಳತೆ ಸರಿಯೇ ಎಂದು ಪರೀಕ್ಷಿಸಲು ಅಷ್ಟೇ ದೊಡ್ಡ ನಟ್ಟು ಬೇಕಿತ್ತು. ಇಡೀ ಬೀದಿಯಲ್ಲಿ ಅಂಥದ್ದು ಇದ್ದದ್ದು ಎದುರುಮನೆಯ ಗೇಟಿನಲ್ಲಿ ಮಾತ್ರ. ಮಧ್ಯಾಹ್ನ ಎರಡು ಗಂಟೆಗೆ, ಬೀದಿಯಲ್ಲಿ ಯಾರೂ ಇಲ್ಲದಾಗ, ನನ್ನ ಮಗ ಆ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನಟ್ಟಿಗೆ ಸ್ಪ್ಯಾನರ್ ಹಾಕಿ, "ಸರಿಯಾಗಿ ಕೂತ್ಕೊಳ್ತು!" ಎಂದು ತನ್ನಷ್ಟಕ್ಕೆ ನಕ್ಕು, ಎದ್ದು ಬಂದ.

ಎದುರುಮನೆಯಲ್ಲಿದ್ದವರು ನಿವೃತ್ತ ಜೈಲರ್. ಅವರು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದರು.

ಮೂವತ್ತು ವರ್ಷ ಕೈದಿಗಳ ನಡುವೆ ಬದುಕಿದ ಮನುಷ್ಯ. ಚಮಚದಿಂದ ಕೀಲಿಕೈ, ತಟ್ಟೆಯಿಂದ ಗರಗಸ ಮಾಡುವವರನ್ನೇ ಕಂಡವರು. ಒಬ್ಬ ಗಂಡಸು ಕಬ್ಬಿಣ ಉಜ್ಜುತ್ತ ಕೂತಿದ್ದಾನೆಂದರೆ ಅವರ ಲೆಕ್ಕದಲ್ಲಿ ಅದಕ್ಕೆ ಒಂದೇ ಅರ್ಥ. ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಬಂದು, ದನಿ ತಗ್ಗಿಸಿ ಕೇಳಿದರು:

"ಅಮ್ಮಾ, ನಿಮ್ಮ ಮಗ ಈಚೆಗೆ ಕೆಲಸಕ್ಕೆ ಹೋಗ್ತಿಲ್ಲ ಅಲ್ವಾ?"

"ರಜಾ ಹಾಕಿದಾನೆ ಸರ್. ಇದೊಂದು ಕೆಲಸ ಭಾನುವಾರದೊಳಗೆ ಆಗಲೇಬೇಕಲ್ಲ."

"ಯಾವ ಕೆಲಸ?"

"ಅದೇ, ಬಿಚ್ಚೋದು. ಎರಡು ಸಾಧನ ಹಾಳಾಯ್ತು. ಇವತ್ತಿನದು ಸರಿಯಾಗಿ ಕೂತ್ಕೊಂಡಿದೆ ಅಂತ ಖುಷಿಯಾಗಿದಾನೆ. ನಿಮ್ಮ ಗೇಟಿಗೇ ಹಾಕಿ ನೋಡಿದ್ನಂತೆ."

ಜೈಲರ್ ಜಗಲಿಯ ಕಂಬ ಹಿಡಿದುಕೊಂಡರು. "ನಿಮಗೆ... ನಿಮಗೆಲ್ಲ ಗೊತ್ತಾ?"

"ಗೊತ್ತಿಲ್ದೆ ಏನು ಸರ್? ನನಗೋಸ್ಕರಾನೇ ಮಾಡ್ತಿರೋದು ಪಾಪ. ನಿಮ್ಮ ನಿದ್ದೆ ಕೆಡಬಾರದು ಅಂತ ಸುತ್ತಿಗೆಗೆ ಬಟ್ಟೆ ಸುತ್ಕೊಂಡು ಹೊಡೀತಾನೆ."

"ಆಮೇಲೆ?"

"ಆಮೇಲೆ ಏನು, ಭಾನುವಾರ ಬೆಳಕು ಹರಿಯೋ ಮುಂಚೆ ವ್ಯಾನ್ ಹತ್ತಿ ಹೊರಟುಬಿಡ್ತೀವಿ."

"ನೀವೂನಾ!"

"ನಾನಿಲ್ದೆ ಹೇಗೆ ಸರ್? ಅಕ್ಕ ಅಲ್ಲಿ ಕಾಯ್ತಾ ಇದಾಳೆ."

ಜೈಲರ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಇಡೀ ಸಂಸಾರ, ಅದರಲ್ಲೂ ಇಬ್ಬರು ಮುದುಕಿಯರು! ಅವರ ಮೂವತ್ತು ವರ್ಷದ ಸೇವೆಯಲ್ಲಿ ಇಂಥ ತಂಡ ಸಿಕ್ಕಿರಲಿಲ್ಲ. ಹಿಂದೆ ಹಿಂದೆ ನಡೆಯುತ್ತ, ಬೆನ್ನು ತೋರಿಸದೆ ತಮ್ಮ ಮನೆ ಸೇರಿದರು. ಮೈಯಲ್ಲಿ ಹುಷಾರಿಲ್ಲವೇನೋ ಎಂದು ನನಗೆ ಕನಿಕರವಾಯಿತು.

ಶುಕ್ರವಾರ ಬೆಳಿಗ್ಗೆ ಅವರ ಗೇಟಿಗೆ ಮೂರು ಬೀಗ ಬಿದ್ದಿದ್ದವು. ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಕೂತಿದ್ದರು. ಬೀದಿಯಲ್ಲಿ ನೀರಿನ ಮೋಟಾರುಗಳು ಒಳಗೆ ಹೋದವು, ಸೈಕಲ್ಲುಗಳು ಅಟ್ಟ ಹತ್ತಿದವು. ಮೂಲೆಮನೆಯವರು ತಮ್ಮ ತುಕ್ಕು ಹಿಡಿದ ಕೈಪಂಪಿಗೆ ಸರಪಳಿ ಹಾಕಿದರು. ಅದರಲ್ಲಿ ನೀರು ಬಂದು ಏಳು ವರ್ಷವಾಗಿತ್ತು. ನನ್ನ ಮಗನಿಗೆ ಇದಾವುದೂ ಕಾಣಲಿಲ್ಲ. ಅವನು ವ್ಯಾನಿನ ಬಾಯಲ್ಲಿ ತಲೆಯಿಟ್ಟು ಎಡಕ್ಕೆ ಎಳೆಯುತ್ತಿದ್ದ. ಎಳೆಯುವುದು, ಉಸ್ಸೆನ್ನುವುದು, ಮತ್ತೆ ಎಳೆಯುವುದು. ಸ್ಪ್ಯಾನರ್ ಜಾರಲಿಲ್ಲ, ಬಾಗಲಿಲ್ಲ. ನಟ್ಟು ಮಾತ್ರ ಮಿಸುಕಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಅವನ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು.

"ಆಗದಿದ್ರೆ ಬಿಡೋ ಮಗಾ. ಅಕ್ಕ ಏನೂ ಅಂದ್ಕೊಳಲ್ಲ," ಎಂದೆ.

"ಆಗುತ್ತೆ," ಎಂದ. ತಟ್ಟೆಯಿಂದ ತಲೆ ಎತ್ತಲಿಲ್ಲ. "ಈಗ ಹೇಗಿದೆ?" ಎಂದೂ ಕೇಳಲಿಲ್ಲ. ನಾನು ಅವನ ಅಂಗೈಗೆ ಹಚ್ಚಲು ಕೊಬ್ಬರಿ ಎಣ್ಣೆ ತಂದಿಟ್ಟೆ.

ಶನಿವಾರ ಹತ್ತು ಗಂಟೆಗೆ ಜೈಲರ್ ಪೊಲೀಸ್ ಪೇದೆಯೊಬ್ಬನನ್ನು ಕರೆದುಕೊಂಡು ಬಂದರು. ಹಿಂದೆಯೇ, ಬೇರೆ ದಾರಿಯಿಂದ, ಮೆಕ್ಯಾನಿಕ್ಕೂ ಬಂದ. ಅವನದು ಬೇರೆ ಸಂಕಟ: ಕನ್ನಡಕದ ಕಡ್ಡಿ ಪೂರ್ತಿ ಕಳಚಿ ಬಿದ್ದಿತ್ತು, ಅಂಗಡಿಯಲ್ಲಿ ಕನ್ನಡಕ ರಿಪೇರಿ ಮಾಡುವವನು ರಜೆಯಲ್ಲಿದ್ದ. ಮುರಿದ ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು, ತಡವರಿಸುತ್ತ ನಮ್ಮ ಜಗಲಿ ಹತ್ತಿ ಕೂತ. ಕೇಳಲಿಲ್ಲ. ಮಗ ಅವನನ್ನು ನೋಡಿದ. ಅವನೂ ಕೇಳಲಿಲ್ಲ. ಇಬ್ಬರಿಗೂ ಇನ್ನೊಬ್ಬನಿಂದ ಒಂದೊಂದು ಕೆಲಸ ಆಗಬೇಕಿತ್ತು. ಇಬ್ಬರೂ ಆಕಾಶ ನೋಡಿದರು.

ಪೇದೆ ಸ್ಪ್ಯಾನರ್ ಕೈಗೆತ್ತಿಕೊಂಡ. "ಇದೇನ್ರೀ?"

"ಸಾಧನ ಸರ್," ಎಂದ ಮಗ ಹೆಮ್ಮೆಯಿಂದ. ಎರಡು ದಿನದಲ್ಲಿ ಅದನ್ನು ಮುಟ್ಟಿ ನೋಡಿದ ಮೊದಲ ಮನುಷ್ಯ ಅವನು.

"ಯಾರು ಮಾಡಿದ್ದು?"

"ನಾನೇ. ಬಚ್ಚಲಮನೆ ಚಿಲಕದಿಂದ. ಅಂಚು ಸವರಿ ನೋಡಿ ಸರ್, ಎಲ್ಲೂ ತರಚಲ್ಲ."

"ಕೇಳಿದ್ರಾ?" ಎಂದರು ಜೈಲರ್. "ನಾಚಿಕೆ ಇಲ್ದೆ ಒಪ್ಕೋತಿದಾನೆ! ಅವರಮ್ಮನೂ ಶಾಮೀಲು, ದೊಡ್ಡಮ್ಮ ಬೇರೆ ಊರಲ್ಲಿ ಕಾಯ್ತಿದಾರೆ. ಕೇಳಿ, ಏನು ಬಿಚ್ಚೋಕೆ ಅಂತ!"

"ಏನು ಬಿಚ್ಚೋಕೆ?"

"ಫ್ಯಾನ್ ಸರ್."

"ಯಾರ ಮನೆ ಫ್ಯಾನ್?"

"ಇದೇ ವ್ಯಾನಿಂದು."

ಪೇದೆ ವ್ಯಾನಿನೊಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಎದ್ದಾಗ ಅವನ ಮುಖದಲ್ಲಿ ಪೊಲೀಸ್‌ತನ ಇರಲಿಲ್ಲ. "ಸ್ಟೇಷನ್ ಜೀಪಿಂದೂ ಇದೇ ಗೋಳು ಕಣ್ರೀ," ಎಂದ. "ಎರಡು ತಿಂಗಳಿಂದ ತಳ್ಕೊಂಡು ಓಡಾಡ್ತಿದೀವಿ. ಹೋದ ವಾರ ಒಬ್ಬ ಕಳ್ಳನ್ನ ಹಿಡಿದು ಕೂರಿಸ್ಕೊಂಡ್ರೆ, ಅವನೂ ಇಳಿದು ತಳ್ಳಿದ. ಕೊಡಿ ಇಲ್ಲಿ." ಟೋಪಿ ತೆಗೆದು ಬ್ರೆಡ್ಡಿನ ಚಿತ್ರದ ಪಕ್ಕದ ಕನ್ನಡಿಗೆ ಸಿಕ್ಕಿಸಿದ.

ಜೈಲರ್ ಎರಡು ದಿನ ಕಟ್ಟಿದ ಮೊಕದ್ದಮೆ ಕಣ್ಣೆದುರಿಗೇ ಕುಸಿಯಿತು. "ಹಾಗಾದ್ರೆ ಬೆಳಕು ಹರಿಯೋ ಮುಂಚೆ ಹೊರಡೋದು ಅಂದಿದ್ದು?" ಎಂದು ನನ್ನ ಕಡೆ ತಿರುಗಿದರು.

"ಬಿಸಿಲಿಗೆ ಮುಂಚೆ ಅಕ್ಕನ ಮನೆ ಸೇರೋಣ ಅಂತ ಸರ್. ಅವಳು ಸೋಮವಾರ ಹೊರಟುಹೋಗ್ತಾಳೆ. ನಾಳೆ ಬಿಟ್ರೆ ಮತ್ತೆ ನೋಡೋದು ಯಾವಾಗಲೋ."

ಜೈಲರ್ ಕೊರಳಿನ ಸೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ಇಳಿಬಿಟ್ಟರು. ಆಮೇಲೆ ತೋಳು ಮಡಚಿದರು. "ಸರೀರಿ ಪಕ್ಕಕ್ಕೆ. ಕಬ್ಬಿಣ ನನ್ನ ಮಾತು ಕೇಳುತ್ತೆ," ಎಂದರು.

ಪೇದೆ ಗಾಲಿಯ ಕೋಲು ಹಿಡಿದ. ಮಗ ಚಿಲಕ ಹಿಡಿದ. ಜೈಲರ್ ಮಗನ ಸೊಂಟ ಹಿಡಿದರು. "ಒಂದು, ಎರಡು, ಎಡಕ್ಕೆ!" ವ್ಯಾನೇ ಒಂದು ಗೇಣು ಪಕ್ಕಕ್ಕೆ ಸರಿಯಿತು. "ಎಡಕ್ಕೆ!" ಬಟ್ಟೆ ಹಗ್ಗ ಹರಿದು ಜೈಲರ್ ನನ್ನ ಹೂಕುಂಡದಲ್ಲಿ ಕೂತರು. ಎದ್ದು, ಮಣ್ಣು ಕೊಡವದೆ ಮತ್ತೆ ಬಂದು ಹಿಡಿದರು. ಮನುಷ್ಯ ಒಳ್ಳೆಯವರು. ಜಗಲಿಯಲ್ಲಿ ಕೂತ ಮೆಕ್ಯಾನಿಕ್ ಮಾತ್ರ, ಪ್ರತಿ ಸಲ "ಎಡಕ್ಕೆ" ಎಂದಾಗಲೂ ಹಲ್ಲುನೋವು ಬಂದವನ ಹಾಗೆ ಮುಖ ಕಿವುಚುತ್ತಿದ್ದ.

ಮೂವರೂ ಬೆವರಿ ನೆಲಕ್ಕೆ ಕೂತಾಗ ನಾನು ನೀರಿನ ಚೊಂಬು ಹಿಡಿದು ಮೆಲ್ಲಗೆ ಇಳಿದು ಹೋದೆ. ಮಗ ಬೇಡವೆನ್ನುವಷ್ಟರಲ್ಲಿ ವ್ಯಾನಿನ ಬಾಯೊಳಗೆ ಇಣುಕಿದೆ. ರೆಕ್ಕೆ. ನಡುವೆ ಮೂತಿ. ಧೂಳು.

"ಅಯ್ಯೋ, ಇದೂ ಫ್ಯಾನೇ ಅಲ್ವೇನೋ!"

"ವಾರದಿಂದ ಅದನ್ನೇ ಹೇಳ್ತಿದೀನಲ್ಲಮ್ಮ."

"ಮತ್ತೆ ಯಾಕೋ ಆ ಕಡೆ ತಿರುಗಿಸ್ತಿದೀಯ? ಹಾಗೆ ತಿರುಗಿಸಿದ್ರೆ ಬಿಗಿಯಾಗುತ್ತಲ್ಲೋ. ನಮ್ಮ ಟೇಬಲ್ ಫ್ಯಾನಿನ ಮೂತಿ ಬಿಚ್ಚೋದು ಬಲಗಡೆಗೆ."

ಮಗ ತಾಳ್ಮೆಯಿಂದ, ಮುಖದ ಬೆವರು ಒರೆಸಿಕೊಳ್ಳುತ್ತ ಹೇಳಿದ: "ಅಮ್ಮ, ನಾನು ಇಪ್ಪತ್ತು ವರ್ಷದಿಂದ ಸ್ಕ್ರೂ ಬಿಚ್ತಿದೀನಿ."

"ನಾನು ಮೂವತ್ತು ವರ್ಷದಿಂದ ಫ್ಯಾನ್ ಒರೆಸ್ತಿದೀನಿ. ಫ್ಯಾನ್ ತಿರುಗ್ತಾ ತಿರುಗ್ತಾ ಬಿಚ್ಕೊಂಡು ಹೋಗಬಾರದು ಅಂತ ಹಾಗೆ ಮಾಡಿರ್ತಾರಂತೆ. ಅಂಗಡಿಯವನು ಹೇಳಿದ್ದ."

ಜಗಲಿಯ ಮೇಲಿಂದ ಮೆಕ್ಯಾನಿಕ್ ಮೆಲ್ಲಗೆ ಕೆಮ್ಮಿದ. ಎಲ್ಲರೂ ಅವನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಾ?" ಎಂದ ಪೇದೆ.

"ಗೊತ್ತಿಲ್ದೆ ಏನು? ಇದು ಉಲ್ಟಾ ನಟ್ಟು."

"ಮತ್ತೆ ಹೇಳ್ಬಾರ್ದಿತ್ತಾ?"

"ಕೇಳೋ ಅಂಥದ್ದು ಏನೂ ಇಲ್ಲ ಅಂದ್ರು," ಎಂದ ಮೆಕ್ಯಾನಿಕ್. ಆದರೆ ಹೇಳುವಾಗ ತಲೆ ತಗ್ಗಿಸಿದ. "ಬಂದೇ ಬರ್ತಾರೆ, ಕೇಳೇ ಕೇಳ್ತಾರೆ ಅಂತ ದಿನಾ ಗ್ಯಾರೇಜ್ ಬಾಗಿಲಲ್ಲೇ ಕೂತಿದ್ದೆ. ನಿಮ್ಮಕ್ಕನ ವಿಷಯ ನನಗೆ ಗೊತ್ತಿರಲಿಲ್ಲ ಅಮ್ಮ."

ಮಗ ಎದ್ದ. ಚಿಲಕವನ್ನು ಮಗುಚಿ, ಬಾಣ ಕೆಳಗೆ ಮಾಡಿ, ನಟ್ಟಿಗೆ ಹಾಕಿದ. ಪೇದೆ ಕೋಲು ಹಿಡಿದ. ಐದು ದಿನ ಬಿಗಿದ ನಟ್ಟಲ್ಲವೇ, ಬಲಕ್ಕೂ ಸುಲಭವಾಗಿ ಬರಲಿಲ್ಲ. ಜೈಲರ್ ಬಂದು ಸೊಂಟ ಹಿಡಿದರು, ಮೆಕ್ಯಾನಿಕ್ ಕಣ್ಣು ಕಾಣದೆ ತಡವುತ್ತ ಬಂದು ಜೈಲರ್ ಸೊಂಟ ಹಿಡಿದ. ಟಕ್ಕೆಂದು ಒಂದು ಸದ್ದಾಯಿತು. ಆಮೇಲೆ ಆ ನಟ್ಟು ಉಪ್ಪಿನಕಾಯಿ ಭರಣಿಯ ಮುಚ್ಚಳದಷ್ಟು ವಿನಯದಿಂದ ಬೆರಳಲ್ಲೇ ತಿರುಗಿ ಬಂತು.

ಪಂಪ್ ಕೂರಿಸಲು ಕಣ್ಣು ಬೇಕು. ಮೆಕ್ಯಾನಿಕ್ ಜೇಬಿನಿಂದ ಕನ್ನಡಕದ ಎರಡು ತುಂಡು ತೆಗೆದು ಹಿಡಿದ. ಈ ಸಲ ಕೇಳಿದ: "ಇದು ನನ್ನ ಕೈಲಿ ಆಗಲ್ಲ. ಸ್ವಲ್ಪ ನೋಡ್ತೀರಾ?"

ಮಗ ಒಳಗೆ ಓಡಿ ತನ್ನ ಸಣ್ಣ ಡಬ್ಬಿ ತಂದ. ಗುಳ್ಳೆಯೆದ್ದ ಕೈಯಲ್ಲಿ, ಉಸಿರು ಬಿಗಿಹಿಡಿದು, ಎಳ್ಳಿನಂಥ ಸ್ಕ್ರೂ ಕೂರಿಸಿ, ಕನ್ನಡಕವನ್ನು ಮೆಕ್ಯಾನಿಕ್ಕಿನ ಮೂಗಿಗೆ ಏರಿಸಿ ಕೇಳಿದ:

"ಈಗ ಹೇಗಿದೆ?"

ಆ ಮಾತು ಕೇಳಿ ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಬಿಸಿಲು ಜೋರಿತ್ತು.

ಸಂಜೆಯ ಹೊತ್ತಿಗೆ ವ್ಯಾನ್ ಸಿದ್ಧವಾಯಿತು. ಪೇದೆ ಸ್ಪ್ಯಾನರಿನ ಅಳತೆಯನ್ನು ರಟ್ಟಿನಲ್ಲಿ ಬರೆದುಕೊಂಡು ಹೋದ. ಅವನೂ ಮೆಕ್ಯಾನಿಕ್ಕೂ ಹೋದ ಮೇಲೆ ಮತ್ತೆ ಅರ ಉಜ್ಜುವ ಸದ್ದು ಕೇಳಿದಾಗ ಕಾಲಿದ್ದ ವಸ್ತುಗಳನ್ನೆಲ್ಲ ಒಮ್ಮೆ ಎಣಿಸಿ ಬಂದೆ.

ಭಾನುವಾರ ಬೆಳಿಗ್ಗೆ ನೋಡಿದರೆ ವ್ಯಾನಿನ ಬಾಗಿಲ ಕೆಳಗೆ ಒಂದು ಪುಟ್ಟ ಮೆಟ್ಟಿಲು. ಮಂಚದ ಪಟ್ಟಿ, ಪಾತ್ರೆ ಸ್ಟ್ಯಾಂಡಿನ ಕಾಲು, ಬಚ್ಚಲಮನೆ ಚಿಲಕ, ಮೂರನ್ನೂ ಪಕ್ಕಪಕ್ಕ ಸೇರಿಸಿ ಬೋಲ್ಟು ಹಾಕಿದ್ದ. ಅಂಚೆಲ್ಲ ನುಣುಪು. ಇನ್ನೂ ಕತ್ತಲಿರುವಾಗಲೇ ಜೈಲರ್ ಎದ್ದು ಬಂದು, ನನ್ನ ತೋಳು ಹಿಡಿದು ಹತ್ತಿಸಿದರು. ಮೂರು ಬೀಗ ತೆಗೆಯಬೇಕಾದ್ದರಿಂದ ಅವರು ಬರುವುದು ಸ್ವಲ್ಪ ತಡವಾಯಿತು.

ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಳು! ನನ್ನನ್ನು ನೋಡಿ, "ಎಷ್ಟು ದಪ್ಪಗಾಗಿದೀಯೇ!" ಎಂದಳು. ಆಮೇಲೆ ನನ್ನ ಕೈ ಹಿಡಿದವಳು ಮಧ್ಯಾಹ್ನದವರೆಗೆ ಬಿಡಲಿಲ್ಲ. ಊಟವಾದ ಮೇಲೆ ಒಂದು ಸುತ್ತು ಹೋಗಬೇಕೆಂದು ಹಟ ಹಿಡಿದಳು. ಮೆಟ್ಟಿಲ ಮೇಲೆ ಕಾಲಿಟ್ಟು, ಬಗ್ಗಿ ನೋಡಿದಳು.

"ಇದೇನೇ ಬಾಣ?"

"ಬಿಚ್ಚೋ ಕಡೆ ತೋರಿಸೋದು."

"ಸರಿಯಾಗಿದೆಯಾ?"

"ಇಲ್ಲ. ತಪ್ಪು."

ನಾನು ಪೂರ್ತಿ ಕಥೆ ಹೇಳಿದೆ. ಅವಳು ಬ್ರೆಡ್ಡಿನ ವಾಸನೆಯ ವ್ಯಾನಿನಲ್ಲಿ ಕೂತು, ಮುರಿದ ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮಗ ಮುಂದಿನ ಸೀಟಿನಲ್ಲಿ ಕಿವಿ ಕೆಂಪು ಮಾಡಿಕೊಂಡು, ಆದಷ್ಟು ನಿಧಾನವಾಗಿ ಊರು ಸುತ್ತಿಸಿದ.

ಅಕ್ಕ ಹೋಗಿ ಈಗ ಎರಡು ತಿಂಗಳು. ಹೊಸ ಚಿಲಕ ತಾರೋ ಎಂದರೆ ಮಗ, "ಚಿಲಕ ತಾನೆ? ಮನೇಲೇ ಮಾಡ್ಕೊಡ್ತೀನಿ," ಎನ್ನುತ್ತಾನೆ. ನಾನು ಒತ್ತಾಯಿಸುವುದಿಲ್ಲ. ಅಕ್ಕ ದಿನಾ ಬೆಳಿಗ್ಗೆ, ನಾನು ಸ್ನಾನಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಾಳೆ.

"ಚಿಲಕ ಬಂತೇನೇ?"

"ಇನ್ನೂ ಇಲ್ಲ ಕಣಕ್ಕ."

"ಹಾಗಾದ್ರೆ ಫೋನ್ ಬಾಗಿಲ ಹತ್ರ ಇಟ್ಟು ಹೋಗು. ಜೋರಾಗಿ ಹಾಡು, ನಿನ್ನೆ ನಡುವೆ ನಿಲ್ಲಿಸಿಬಿಟ್ಟೆ."